ಊರು ಬಿಟ್ಟ ಇಬ್ಬರು: ಮುಟ್ಟಂ ಕಡಲಿನಿಂದ ದೂಧಗಂಗೆಯವರೆಗೆ

ನಮ್ಮ ಬೋರಗಾಂವದ ಮಂದಿ ಸಿನಿಮಾ ನೋಡಬೇಕೆಂದರೆ ಇಚಲಕರಂಜಿಯ ಹಾದಿ ಹಿಡಿಯುತ್ತಾರೆ, ಇಲ್ಲವೇ ನಿಪ್ಪಾಣಿಗೆ ಹೋಗುತ್ತಾರೆ. ತಾಲ್ಲೂಕು ಕಚೇರಿ ಕರ್ನಾಟಕದ್ದು, ಪರದೆ ಹೆಚ್ಚಾಗಿ ಮರಾಠಿ ಮತ್ತು ಹಿಂದಿಯದು. ಕನ್ನಡ ಸಿನಿಮಾ ನಮಗೆ ಬಹುಪಾಲು ಟಿವಿಯಲ್ಲಿ ಸಿಕ್ಕಿದ್ದು. ತಮಿಳು ಸಿನಿಮಾವಂತೂ ತಮಿಳಾಗಿ ಈ ಕಡೆ ಬಂದದ್ದು ಅಪರೂಪ. ಆದರೂ ಹಳ್ಳಿಯೊಂದರಲ್ಲಿ ಜಾತಿ, ಧರ್ಮ ಮೀರಿ ಪ್ರೀತಿಸಿದ ಹುಡುಗ ಹುಡುಗಿಯ ತಮಿಳು ಕಥೆ ನಮ್ಮಲ್ಲಿ ಯಾರಿಗೂ ಹೊಸದಲ್ಲ. ಅದು ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಭಾಷೆಯಲ್ಲಿ, ಸುತ್ತುಬಳಸಿನ ದಾರಿಯಲ್ಲಿ ಬಂದಿದೆ.

ಆ ದಾರಿಯ ಒಂದು ತುದಿಯಲ್ಲಿ ಒಬ್ಬ ಕನ್ನಡ ನಿರ್ದೇಶಕರಿದ್ದಾರೆ. ಇನ್ನೊಂದು ತುದಿಯಲ್ಲಿ ನನ್ನಂಥ ಅರೆಕಾಲಿಕ ವರದಿಗಾರರು ವಾರಕ್ಕೊಮ್ಮೆಯಾದರೂ ಕಳಿಸುವ ‘ಯುವತಿ ಕಾಣೆ’ ಎಂಬ ನಾಲ್ಕು ಸಾಲಿನ ಸುದ್ದಿ ಇದೆ. ಇವೆರಡಕ್ಕೂ ನಂಟಿದೆ ಎಂದು ನನಗೆ ತಡವಾಗಿ ಹೊಳೆಯಿತು. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮುಟ್ಟಂನ ವಿಚ್ಚು ಮತ್ತು ಮೇರಿ

1981ರ ಜುಲೈ ತಿಂಗಳಲ್ಲಿ ‘ಅಲೈಗಳ್ ಓಯ್ವದಿಲ್ಲೈ’ ಎಂಬ ತಮಿಳು ಸಿನಿಮಾ ತೆರೆಕಂಡಿತು. ಅಲೆಗಳು ನಿಲ್ಲುವುದಿಲ್ಲ ಎಂದು ಹೆಸರಿನ ಅರ್ಥ. ನಿರ್ದೇಶನ ಭಾರತಿರಾಜ, ಸಂಗೀತ ಇಳಯರಾಜ. ನಾಯಕ ಕಾರ್ತಿಕ್, ನಾಯಕಿ ರಾಧಾ, ಇಬ್ಬರಿಗೂ ಅದು ಮೊದಲ ಸಿನಿಮಾ. ರಾಧಾ ಎಂದರೆ ನಮ್ಮ ‘ಚಲಿಸುವ ಮೋಡಗಳು’ ಚಿತ್ರದ ನಾಯಕಿ ಅಂಬಿಕಾ ಅವರ ತಂಗಿ. ಚಿತ್ರ ತೆಗೆದದ್ದು ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂ ಎಂಬ ಕಡಲ ದಂಡೆಯ ಊರಿನಲ್ಲಿ.

ಕಥೆ ಸರಳ. ವಿಚ್ಚು ಬ್ರಾಹ್ಮಣರ ಹುಡುಗ. ಅವನ ತಾಯಿ ಮನೆಯಲ್ಲಿ ಸಂಗೀತ ಹೇಳಿಕೊಡುವವಳು. ಸಂಗೀತ ಕಲಿಯಲು ಬರುವ ಮೇರಿ ಕ್ರೈಸ್ತರ ಹುಡುಗಿ, ಊರಿನ ದೊಡ್ಡ ಕುಳ ಡೇವಿಡ್‌ನ ತಂಗಿ. ಪ್ರೀತಿ ಹುಟ್ಟುತ್ತದೆ, ಊರಿಗೆ ಗೊತ್ತಾಗುತ್ತದೆ, ಅಣ್ಣ ಕೆರಳುತ್ತಾನೆ. ಇಲ್ಲಿಯವರೆಗೆ ಇದು ಯಾವ ಊರಿನಲ್ಲಾದರೂ ನಡೆಯುವ ಕಥೆ. ಕೊನೆ ಮಾತ್ರ ಆ ಕಾಲಕ್ಕೆ ಹೊಸದು. ಹುಡುಗ ತನ್ನ ಜನಿವಾರ ಕಿತ್ತುಹಾಕುತ್ತಾನೆ, ಹುಡುಗಿ ಕೊರಳಿನ ಶಿಲುಬೆ ತೆಗೆಯುತ್ತಾಳೆ. ಇಬ್ಬರೂ ಊರು ಬಿಟ್ಟು ನಡೆಯುತ್ತಾರೆ. ಜೀವಂತವಾಗಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಇಂಥ ಸಿನಿಮಾಗಳ ಇತಿಹಾಸ ಬರೆಯುವಾಗ ಹಾಡು, ನಟರು, ಎಷ್ಟು ದಿನ ಓಡಿತು ಎಂಬ ಲೆಕ್ಕ ಬಹಳ ಸಿಗುತ್ತದೆ. ಆದರೆ ಕೊನೆಯಲ್ಲಿ ಆ ಇಬ್ಬರು ಉಳಿದರೋ ಅಳಿದರೋ, ಅಳಿದರೆ ಯಾರ ಕೈಯಿಂದ ಎಂಬ ಲೆಕ್ಕ ಇಟ್ಟರೆ ಬೇರೆಯೇ ಚಿತ್ರ ಕಾಣುತ್ತದೆ.

ಗುರು ಕನ್ನಡದವರು

ಭಾರತಿರಾಜ ಸಿನಿಮಾ ಕೆಲಸ ಕಲಿಯಲು ಆರಂಭಿಸಿದ್ದು ಪುಟ್ಟಣ್ಣ ಕಣಗಾಲರ ಸಹಾಯಕರಾಗಿ. ಇದು ತಮಿಳರಿಗೂ ಗೊತ್ತಿರುವ, ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿ. 1977ರಲ್ಲಿ ಅವರು ಮೊದಲ ಬಾರಿ ನಿರ್ದೇಶಿಸಿದ ‘16 ವಯದಿನಿಲೇ’ ತಮಿಳು ಸಿನಿಮಾವನ್ನು ಸ್ಟುಡಿಯೊ ಗೋಡೆಯಿಂದ ಹೊರಗೆ ತಂದು ಹಳ್ಳಿಯ ಬಯಲಲ್ಲಿ ನಿಲ್ಲಿಸಿತು. ಆ ತಮಿಳು ಹಳ್ಳಿಯನ್ನು ಅವರು ಬಹುಪಾಲು ಚಿತ್ರಿಸಿದ್ದು ಮೈಸೂರು, ಕೊಳ್ಳೇಗಾಲದ ಕಡೆ. ತಮಿಳಿನ ಹೊಸ ಹಳ್ಳಿ ಸಿನಿಮಾಕ್ಕೆ ಗುರುವೂ ನಮ್ಮವರು, ನೆಲವೂ ನಮ್ಮದು.

ಆ ಗುರುವಿನ ‘ನಾಗರಹಾವು’ ಬಂದದ್ದು 1972ರ ಕೊನೆಗೆ. ತ.ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ಚಿತ್ರ. ಚಿತ್ರದುರ್ಗ ಹಳ್ಳಿಯಲ್ಲ, ಆದರೆ ಕಥೆಯ ಕಣ್ಣು, ಕಿವಿ, ಬಾಯಿ ಎಲ್ಲ ಹಳ್ಳಿಯವೇ. ಬ್ರಾಹ್ಮಣರ ಹುಡುಗ ರಾಮಾಚಾರಿ ಮೊದಲು ಅಲಮೇಲುವನ್ನು ಪ್ರೀತಿಸುತ್ತಾನೆ. ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಅವಳನ್ನು ಬಿಡುತ್ತಾನೆ. ಮೇಷ್ಟ್ರ ಮಾತು ಕೇಳಿದ್ದರಿಂದ ಅವಳ ಬಾಳು ಹಾಳಾಯಿತು ಎಂದು ಗೊತ್ತಾದ ಮೇಲೆ, ಕ್ರೈಸ್ತರ ಮಾರ್ಗರೆಟ್ ವಿಷಯದಲ್ಲಿ ಅವನು ಅದೇ ತಪ್ಪು ಮಾಡಲು ಒಪ್ಪುವುದಿಲ್ಲ. ಬೆಟ್ಟದ ಮೇಲೆ ಮೇಷ್ಟ್ರು ಬಿದ್ದು ಸಾಯುತ್ತಾರೆ. ಅವರ ಹಿಂದೆಯೇ ರಾಮಾಚಾರಿ, ಮಾರ್ಗರೆಟ್ ಇಬ್ಬರೂ ಹಾರುತ್ತಾರೆ.

ಬ್ರಾಹ್ಮಣ ಹುಡುಗ, ಕ್ರೈಸ್ತ ಹುಡುಗಿ. ಒಂಬತ್ತು ವರ್ಷದ ನಂತರ ಶಿಷ್ಯನ ಸಿನಿಮಾದಲ್ಲಿ ಇದೇ ಜೋಡಿ. ಒಂದು ಇನ್ನೊಂದರ ನಕಲು ಎಂದು ನಾನು ಹೇಳುತ್ತಿಲ್ಲ, ಕಥೆಗಳು ಬೇರೆ. ಆದರೆ ಗುರು ಬೆಟ್ಟದ ತುದಿಯಿಂದ ಕೆಳಗೆ ಕಳಿಸಿದ ಜೋಡಿಯನ್ನು ಶಿಷ್ಯ ಕಡಲ ದಂಡೆಯಲ್ಲಿ ಬದುಕಿಸಿದ ಎಂದು ಓದಿಕೊಳ್ಳಲು ಅಡ್ಡಿಯಿಲ್ಲ. ಭಾರತಿರಾಜ ಇದೇ ಕಥೆಯನ್ನು ತೆಲುಗಿನಲ್ಲಿ ‘ಸೀತಾಕೋಕ ಚಿಲುಕ’ ಎಂದೂ, 1983ರಲ್ಲಿ ಹಿಂದಿಯಲ್ಲಿ ‘ಲವರ್ಸ್’ ಎಂದೂ ತಾವೇ ಮತ್ತೆ ಮಾಡಿದರು.

ಒಂದು ಮಾತು ಸೇರಿಸಬೇಕು. ಎರಡೂ ಸಿನಿಮಾಗಳಲ್ಲಿ ಜಗಳ ಜನಿವಾರಕ್ಕೂ ಶಿಲುಬೆಗೂ ನಡುವೆ. ಊರ ಹೊರಗಿನ ಕೇರಿಯ ಹುಡುಗ ಈ ಪ್ರೇಮಕಥೆಯ ನಾಯಕನಾಗಲು ಇನ್ನೂ ಕಾಯಬೇಕಿತ್ತು.

ರಿಮೇಕಿನ ಕಾಲುದಾರಿ

ಕನ್ನಡದಲ್ಲಿ 1960ರ ದಶಕದಲ್ಲಿ ನಡೆದ ಹೋರಾಟದ ನಂತರ ಡಬ್ಬಿಂಗ್ ನಿಂತುಹೋಯಿತು. ಆ ಹೋರಾಟದ ಮುಂಚೂಣಿಯಲ್ಲಿ ಅ.ನ. ಕೃಷ್ಣರಾಯರಂಥವರಿದ್ದರು. ಡಬ್ಬಿಂಗ್ ತಡೆಯುವುದು ತಪ್ಪು ಎಂದು ಭಾರತೀಯ ಸ್ಪರ್ಧಾ ಆಯೋಗ ಆದೇಶ ಕೊಟ್ಟದ್ದು 2015ರಲ್ಲಿ. ನಡುವಿನ ಐವತ್ತು ವರ್ಷ ಪರಭಾಷೆಯ ಕಥೆ ಕನ್ನಡ ಮಾತಾಡಬೇಕೆಂದರೆ ಇದ್ದ ದಾರಿ ಒಂದೇ, ರಿಮೇಕ್.

ಹಾಗೆ ಬಂದವುಗಳಲ್ಲಿ ಹಳ್ಳಿ ಪ್ರೇಮದ ಕಥೆಗಳು ಬಹಳ. 1991ರ ‘ಚಿನ್ನ ತಂಬಿ’ ಅದೇ ವರ್ಷ ರವಿಚಂದ್ರನ್, ಮಾಲಾಶ್ರೀ ಅವರ ‘ರಾಮಾಚಾರಿ’ ಆಯಿತು. ಚೇರನ್ ನಿರ್ದೇಶನದ 1997ರ ‘ಭಾರತಿ ಕಣ್ಣಮ್ಮ’ 2001ರಲ್ಲಿ ‘ಉಸಿರೇ’ ಆಯಿತು. ‘ರಾಮಾಚಾರಿ’ಯಲ್ಲಿ ಮುಂದೆ ನಿಲ್ಲುವುದು ಸಿರಿವಂತರ ಮನೆಯ ಹುಡುಗಿ, ಏನೂ ಅರಿಯದ ಬಡ ಹುಡುಗ ಎಂಬ ಅಂತರ. ಜಾತಿಯ ಮಾತು ಹಿಂದೆ ಸರಿಯುತ್ತದೆ. ಹಣದ ಅಂತರವಾದರೆ ಪ್ರೇಕ್ಷಕರಲ್ಲಿ ಯಾರಿಗೂ ಚುಚ್ಚುವುದಿಲ್ಲ. ಸಿರಿವಂತನನ್ನು ಬೈದರೆ ಟಾಕೀಸಿನಲ್ಲಿ ಎಲ್ಲರೂ ಸೀಟಿ ಹೊಡೆಯುತ್ತಾರೆ. ಜಾತಿಯ ಹೆಸರು ಹಿಡಿದು ಹೇಳಿದರೆ ಕೆಲವರಾದರೂ ಕುರ್ಚಿಯಲ್ಲಿ ಮಿಸುಕಾಡಬೇಕಾಗುತ್ತದೆ.

2004ರ ಡಿಸೆಂಬರಿನಲ್ಲಿ ಬಾಲಾಜಿ ಶಕ್ತಿವೇಲ್ ಅವರ ‘ಕಾದಲ್’ ಬಂತು. ಮದುರೆಯ ಮೆಕ್ಯಾನಿಕ್ ಹುಡುಗ, ಊರಿನ ಬಲಾಢ್ಯನ ಮನೆಯ ಶಾಲೆಗೆ ಹೋಗುವ ಹುಡುಗಿ. ಇಬ್ಬರೂ ಓಡಿಹೋಗಿ ಮದುವೆಯಾಗುತ್ತಾರೆ. ಮನೆಯವರು ನಂಬಿಸಿ ಕರೆತಂದು ಹುಡುಗನನ್ನು ಬಡಿಯುತ್ತಾರೆ, ತಾಳಿ ತೆಗೆಸುತ್ತಾರೆ. ವರ್ಷಗಳ ನಂತರ ಬೇರೆಯವನ ಹೆಂಡತಿಯಾಗಿರುವ ಅವಳಿಗೆ, ರಸ್ತೆಯಲ್ಲಿ ಹುಚ್ಚನಾಗಿ ತಿರುಗುವ ಅವನು ಕಾಣುತ್ತಾನೆ. ಇದು ನಿಜವಾಗಿ ನಡೆದ ಘಟನೆಯಿಂದ ಹುಟ್ಟಿದ ಕಥೆ ಎಂದು ಚಿತ್ರತಂಡವೇ ಹೇಳಿಕೊಂಡಿತ್ತು.

2007ರಲ್ಲಿ ಎಸ್. ನಾರಾಯಣ್ ಇದನ್ನು ‘ಚೆಲುವಿನ ಚಿತ್ತಾರ’ ಎಂದು ಕನ್ನಡಕ್ಕೆ ತಂದರು. ಗಣೇಶ್, ಅಮೂಲ್ಯ ಜೋಡಿಯ ಆ ಸಿನಿಮಾ ಭರ್ಜರಿ ಯಶಸ್ಸು ಕಂಡಿತು. ಕೊನೆ ಮೂಲದಂತೆಯೇ ಉಳಿಯಿತು. ಲೆಕ್ಕ ಇಡುತ್ತಿರುವವರು ಇಲ್ಲಿ ಒಂದು ಗೆರೆ ಎಳೆದುಕೊಳ್ಳಬೇಕು. 1972ರಲ್ಲಿ ಇಬ್ಬರೂ ತಾವಾಗಿ ಸತ್ತರು. 1981ರಲ್ಲಿ ಇಬ್ಬರೂ ಉಳಿದರು. 2004ರಲ್ಲಿ ಬದುಕಿದರು, ಆದರೆ ಜೊತೆಯಾಗಿ ಅಲ್ಲ, ಅವನಂತೂ ಬುದ್ಧಿ ಕಳೆದುಕೊಂಡು.

ನದಿಯ ಆಚೆಯಿಂದ ಬಂದ ‘ಸೈರಾಟ್’

2016ರ ಏಪ್ರಿಲ್ 29ರಂದು ನಾಗರಾಜ ಮಂಜುಳೆ ಅವರ ಮರಾಠಿ ‘ಸೈರಾಟ್’ ತೆರೆಕಂಡಾಗ ನಮ್ಮ ಕಡೆಯವರಿಗೆ ರಿಮೇಕೂ ಬೇಕಾಗಲಿಲ್ಲ, ಡಬ್ಬಿಂಗೂ ಬೇಕಾಗಲಿಲ್ಲ. ಚಿತ್ರದ ಊರು ಸೋಲಾಪುರ ಜಿಲ್ಲೆಯ ಕರಮಾಳ ಕಡೆಯದು. ಕಬ್ಬು, ಬಾವಿ, ಬಾಳೆತೋಟ, ಪಾಟೀಲರ ವಾಡೆ, ಬುಲೆಟ್ ಬೈಕು, ಎಲ್ಲ ನಮ್ಮವೇ. ಅಲ್ಲಿಂದಾಚೆ ಈ ಕಡೆಯ ಮದುವೆ ಮೆರವಣಿಗೆಗಳಲ್ಲಿ ‘ಝಿಂಗಾಟ್’ ಇಲ್ಲದೆ ಕುಣಿತವೇ ಇಲ್ಲ ಎಂಬಂತಾಯಿತು. ಜಾತಿಯೊಳಗೇ ಹುಡುಕಿ, ಕುಂಡಲಿ ನೋಡಿ ಮಾಡಿದ ಮದುವೆಗಳ ಮೆರವಣಿಗೆಯಲ್ಲಿ ಆ ಹಾಡಿಗೆ ಕುಣಿಯುವಾಗ ನಾವ್ಯಾರೂ ಏನನ್ನೂ ಯೋಚಿಸಲಿಲ್ಲ.

ಮೀನುಗಾರರ ಮನೆಯ ಪರ್ಶ್ಯಾ, ಪಾಟೀಲರ ಮಗಳು ಆರ್ಚಿ ಊರು ಬಿಟ್ಟು ಹೈದರಾಬಾದಿಗೆ ಹೋಗುತ್ತಾರೆ. ಭಾರತಿರಾಜ ಎಲ್ಲಿ ಮುಗಿಸಿದ್ದರೋ ಅಲ್ಲಿಂದ ಮಂಜುಳೆ ಸಿನಿಮಾದ ಎರಡನೇ ಅರ್ಧ ಶುರುಮಾಡುತ್ತಾರೆ. ಊರು ಬಿಟ್ಟ ಮೇಲೆ ಏನು? ಜೋಪಡಿ, ಹೊಸ ಭಾಷೆ, ದೋಸೆ ಗಾಡಿ, ಕಾರ್ಖಾನೆ ಕೆಲಸ, ಸಿಟ್ಟು, ಸಂಶಯ, ಮತ್ತೆ ಹೊಂದಾಣಿಕೆ, ಒಂದು ಮಗು. ಎಲ್ಲ ಸರಿಹೋಯಿತು ಎನ್ನುವಾಗ ತವರಿನಿಂದ ಸೀರೆ, ಒಡವೆ ಹೊತ್ತು ಅಣ್ಣ ಬರುತ್ತಾನೆ. ಕೊನೆಯಲ್ಲಿ ತಂದೆತಾಯಿಯ ರಕ್ತ ತುಳಿದ ಮಗುವಿನ ಹೆಜ್ಜೆ ಗುರುತು ಮಾತ್ರ ಉಳಿಯುತ್ತದೆ. ಹಿನ್ನೆಲೆಯಲ್ಲಿ ಸಂಗೀತವೂ ಇಲ್ಲ.

ಮರುವರ್ಷ ಅದು ಕನ್ನಡದಲ್ಲಿ ‘ಮನಸು ಮಲ್ಲಿಗೆ’ ಆಯಿತು. ನಾಯಕಿ ಅದೇ ರಿಂಕು ರಾಜಗುರು. ನಿರ್ದೇಶಕರು ಎಸ್. ನಾರಾಯಣ್. ತಮಿಳಿನ ‘ಕಾದಲ್’, ಮರಾಠಿಯ ‘ಸೈರಾಟ್’, ಎರಡನ್ನೂ ಕನ್ನಡಕ್ಕೆ ತಂದವರು ಒಬ್ಬರೇ. ತೆಂಕಣದಿಂದ ಬಂದ ಕಥೆಯೂ ಬಡಗಣದಿಂದ ಬಂದ ಕಥೆಯೂ ಕನ್ನಡದಲ್ಲಿ ಒಂದೇ ಮನೆಗೆ ಬಂದು ಸೇರಿದವು.

‘ಸೈರಾಟ್’ನ ಕೊನೆ ಅತಿಯಾಯಿತು ಎಂದು ಹೇಳಿದವರನ್ನು ನಾನು ಕಂಡಿದ್ದೇನೆ. ಚಿತ್ರ ಬರುವ ಆರು ವಾರ ಮೊದಲು, 2016ರ ಮಾರ್ಚ್ 13ರಂದು, ತಮಿಳುನಾಡಿನ ಉಡುಮಲೈಪೇಟೆಯಲ್ಲಿ ಜಾತಿ ಮೀರಿ ಮದುವೆಯಾದ ದಲಿತ ಇಂಜಿನಿಯರಿಂಗ್ ವಿದ್ಯಾರ್ಥಿಯನ್ನು ಹೆಂಡತಿಯ ಎದುರೇ ಹಾಡಹಗಲು ರಸ್ತೆಯಲ್ಲಿ ಕೊಚ್ಚಿ ಕೊಂದಿದ್ದರು. ಸಿಸಿಟಿವಿ ದೃಶ್ಯವನ್ನು ದೇಶವೇ ನೋಡಿತು. ಇನ್ನೂ ಹತ್ತಿರ ಬೇಕೆಂದರೆ 2019ರ ನವೆಂಬರಿನಲ್ಲಿ ಗದಗ ಜಿಲ್ಲೆ ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿ. ಜಾತಿ ಮೀರಿ ಮದುವೆಯಾಗಿ ಕೆಲ ವರ್ಷ ಹೊರಗೆ ದುಡಿದು ಬದುಕಿದ್ದ ಗಂಡ ಹೆಂಡತಿ ಊರಿಗೆ ಬಂದಾಗ ಕಲ್ಲಿನಿಂದ ಜಜ್ಜಿ ಕೊಂದರು. ಆ ಪ್ರಕರಣದಲ್ಲಿ ನಾಲ್ವರಿಗೆ ಗದಗದ ನ್ಯಾಯಾಲಯ 2025ರ ಜನವರಿಯಲ್ಲಿ ಮರಣದಂಡನೆ ವಿಧಿಸಿತು. ಅತಿಯಾದದ್ದು ಸಿನಿಮಾ ಅಲ್ಲ.

ಕಲ್ಯಾಣದಲ್ಲಿ ತಲೆಕೆಳಗಾಗಿತ್ತು

ಕನ್ನಡದವರಿಗೆ ಈ ಕಥೆ ಕಲಿಸಲು ತಮಿಳು ಸಿನಿಮಾ ಬೇಕಿರಲಿಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸರ ಮಗಳನ್ನು ಕೊಟ್ಟು ಮದುವೆ ಮಾಡಿದ ಕಥನವನ್ನು ಶರಣ ಪರಂಪರೆ ಇಂದಿಗೂ ಹೇಳುತ್ತದೆ. ಲಂಕೇಶರ ‘ಸಂಕ್ರಾಂತಿ’, ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ ಮೂರೂ ನಾಟಕಗಳು ಆ ಕಲ್ಯಾಣದ ಬಿಕ್ಕಟ್ಟಿನಿಂದಲೇ ಹುಟ್ಟಿದವು.

ಆ ಕಥನದಲ್ಲಿ ನಾವು ಮರೆಯುವ ಒಂದು ಅಂಶವಿದೆ. ಅಲ್ಲಿ ಎರಡೂ ಕಡೆಯ ತಂದೆಯಂದಿರು ಒಪ್ಪಿದ್ದರು. ಒಪ್ಪದೇ ಇದ್ದದ್ದು ಬಿಜ್ಜಳನ ಆಳ್ವಿಕೆ. ಆನೆಯ ಕಾಲಿಗೆ ಕಟ್ಟಿ ಎಳೆಸಿದ್ದು ತಂದೆಯಂದಿರನ್ನೇ. ಇವತ್ತು ಪೂರಾ ತಲೆಕೆಳಗು. ಕಾನೂನು ಒಪ್ಪುತ್ತದೆ, ಸಮಾಜ ಕಲ್ಯಾಣ ಇಲಾಖೆ ಪರಿಶಿಷ್ಟ ಜಾತಿಯವರೊಂದಿಗಿನ ಅಂತರ್ಜಾತಿ ಮದುವೆಗೆ ಪ್ರೋತ್ಸಾಹಧನ ಕೊಡುತ್ತದೆ. ಕೊಲ್ಲಲು ಬರುವವರು ತಂದೆ, ಅಣ್ಣ, ಚಿಕ್ಕಪ್ಪ.

ನಮ್ಮ ಗಡಿಭಾಗದ ದಾಖಲೆಯೂ ಚಿಕ್ಕದಲ್ಲ. ನದಿಯಾಚೆಯ ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹೂ ಮಹಾರಾಜರು 1919ರಲ್ಲೇ ಅಂತರ್ಜಾತಿ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಟ್ಟರು. 1920ರ ಮಾರ್ಚಿನಲ್ಲಿ ಮಾಣಗಾಂವ ಪರಿಷತ್ತಿನಲ್ಲಿ ಅವರು ಯುವಕ ಅಂಬೇಡ್ಕರರನ್ನು ಜನರಿಗೆ ನಾಯಕನೆಂದು ಪರಿಚಯಿಸಿದರು. 1925ರ ಏಪ್ರಿಲಿನಲ್ಲಿ ಅಂಬೇಡ್ಕರ್ ನಮ್ಮ ನಿಪ್ಪಾಣಿಗೇ ಬಂದು ಬಹಿಷ್ಕೃತರ ಪ್ರಾಂತೀಯ ಪರಿಷತ್ತಿನಲ್ಲಿ ಮಾತನಾಡಿದರು. ಜಾತಿ ಹೋಗಬೇಕಾದರೆ ಜಾತಿಗಳ ನಡುವೆ ಮದುವೆಯಾಗುವುದೇ ನಿಜವಾದ ಮದ್ದು ಎಂದು ಅವರು ‘ಜಾತಿ ವಿನಾಶ’ದಲ್ಲಿ ವಾದಿಸಿದ್ದು 1936ರಲ್ಲಿ. ಈ ವಿಷಯ ನಮ್ಮ ಊರುಗಳ ಕಿವಿಗೆ ಬಿದ್ದು ನೂರು ವರ್ಷವಾಯಿತು.

ಮರುದಿನ ಎಲ್ಲಿಗೆ ಹೋಗಬೇಕು?

ಮುಟ್ಟಂ ಬಿಟ್ಟ ವಿಚ್ಚು, ಮೇರಿ ಮರುದಿನ ಎಲ್ಲಿಗೆ ಹೋಗಬೇಕಿತ್ತು? ಧರ್ಮ ಬಿಟ್ಟೆವು ಎಂದರೆ ಕಾನೂನಿಗೆ ಸಾಲದು. 1954ರ ವಿಶೇಷ ವಿವಾಹ ಕಾಯ್ದೆಯಡಿ ವಿವಾಹ ಅಧಿಕಾರಿಗೆ ನೋಟಿಸ್ ಕೊಡಬೇಕು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು. ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ, ಆಕ್ಷೇಪಕ್ಕೆ 30 ದಿನ ಬಿಡುತ್ತಾರೆ. ತಾಲ್ಲೂಕಿನ ಉಪನೋಂದಣಿ ಕಚೇರಿಯ ಮುಂದೆ ದಿನವೂ ಬಾಂಡ್ ಪೇಪರು ಬರೆಸುವವರು, ಹೊಲ ಮಾರುವವರು, ಏಜೆಂಟರು ಕೂತಿರುತ್ತಾರೆ. ಡೇವಿಡ್‌ನಂಥ ಅಣ್ಣನಿಗೆ ಸುದ್ದಿ ಮುಟ್ಟಲು 30 ದಿನ ಬೇಕಿಲ್ಲ, ಮೂರು ಗಂಟೆ ಸಾಕು. ಇಬ್ಬರೂ ಹಿಂದೂಗಳಾಗಿದ್ದು ಜಾತಿ ಮಾತ್ರ ಬೇರೆಯಾದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ಈ ನೋಟಿಸಿನ ಗೊಡವೆ ಇಲ್ಲ. ಧರ್ಮ ಬೇರೆಯಾದವರು ಮಾತ್ರ ಬೋರ್ಡಿನ ಮೇಲೆ ಬರಬೇಕು.

ಸಿನಿಮಾಗಳು ಜಾರಿಸಿಬಿಡುವ ಇನ್ನೊಂದು ಸಂಗತಿ ವಯಸ್ಸು. ‘ಕಾದಲ್’ ನಾಯಕಿ ಶಾಲೆಯ ಹುಡುಗಿ. ಆರ್ಚಿ, ಪರ್ಶ್ಯಾ ಆಗಷ್ಟೇ ಕಾಲೇಜು ಮೆಟ್ಟಿಲು ಹತ್ತಿದವರು. ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮದುವೆ ಇಲ್ಲ. 2012ರ ಪೋಕ್ಸೊ ಕಾಯ್ದೆ ಬಂದ ಮೇಲೆ ಹುಡುಗಿ 18ರ ಒಳಗಿದ್ದರೆ ಅವಳ ಒಪ್ಪಿಗೆಗೆ ಬೆಲೆಯಿಲ್ಲ, ಹುಡುಗ ಜೈಲಿಗೆ ಹೋಗುತ್ತಾನೆ. ಇದನ್ನು ಹೇಳದೆ ಓಡಿಹೋಗುವುದನ್ನಷ್ಟೇ ಹಾಡಿ ಹೊಗಳಿದರೆ ನಾವೂ ಸಿನಿಮಾದವರಷ್ಟೇ ಜಾಣರಾಗುತ್ತೇವೆ.

ಆದರೆ ಇಬ್ಬರೂ ವಯಸ್ಕರಾದರೆ ಮಾತು ಮುಗಿಯಿತು. 2018ರ ಮಾರ್ಚ್ 27ರಂದು ಶಕ್ತಿ ವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ವಯಸ್ಕರಿಬ್ಬರು ಒಪ್ಪಿ ಮದುವೆಯಾದರೆ ಮನೆಯವರ, ಕುಲದವರ, ಪಂಚಾಯಿತಿಯ ಒಪ್ಪಿಗೆ ಬೇಕಿಲ್ಲ. ಬೆದರಿಕೆ ಇದ್ದರೆ ಪೊಲೀಸರು ರಕ್ಷಣೆ ಕೊಡಬೇಕು, ಸುರಕ್ಷಿತ ವಸತಿಯ ವ್ಯವಸ್ಥೆ ಆಗಬೇಕು, ಜಿಲ್ಲೆಗೊಂದು ವಿಶೇಷ ಘಟಕ ಇರಬೇಕು.

ನಾಲ್ಕು ಸಾಲಿನ ಸುದ್ದಿ

ಈಗ ನನ್ನ ಪಾಲಿನ ಲೆಕ್ಕ. ‘ಎತ್ತರ 5.2 ಅಡಿ, ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು, ಕನ್ನಡ ಹಾಗೂ ಮರಾಠಿ ಮಾತನಾಡುತ್ತಾಳೆ. ಸುಳಿವು ಸಿಕ್ಕವರು ಠಾಣೆಯನ್ನು ಸಂಪರ್ಕಿಸಿ.’ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ ಇಂಥ ಒಂದು ಪ್ರಕಟಣೆ ನನ್ನ ಕೈಗೆ ಬಂತು. ವಯಸ್ಸು 19 ಎಂದಿತ್ತು. ಫೋಟೊ ಸಮೇತ ಬಂದದ್ದನ್ನು ಬಂದ ಹಾಗೇ ಕಳಿಸಿದೆ. ಮರುದಿನ ಒಳಪುಟದ ಮೂಲೆಯಲ್ಲಿ ಅಚ್ಚಾಯಿತು. ಮೂರು ದಿನದ ನಂತರ ವಿಚಾರಿಸಿದಾಗ, ಪೇಪರಿನ ಫೋಟೊ ನೋಡಿ ನದಿಯಾಚೆ ಯಾರೋ ಗುರುತಿಸಿದರು, ಹುಡುಗಿ ಮನೆಗೆ ಬಂದಳು ಎಂದರು. ಒಳ್ಳೆಯ ಕೆಲಸ ಮಾಡಿದೆ ಎಂದು ಬೆನ್ನು ತಟ್ಟಿದವರೂ ಇದ್ದರು. ಅವಳಾಗಿ ಬಂದಳೋ, ಯಾರಾದರೂ ತಂದರೋ ಎಂದು ನಾನು ಕೇಳಲಿಲ್ಲ. ಜೊತೆಗೆ ಯಾರಿದ್ದರು, ಅವನಿಗೇನಾಯಿತು ಎಂದೂ ಕೇಳಲಿಲ್ಲ.

‘ಕಾದಲ್’ನಲ್ಲಿ, ‘ಸೈರಾಟ್’ನಲ್ಲಿ ಹುಡುಗಿಯ ಮನೆಯವರು ಜೀಪು ಹತ್ತಿ ಊರೂರು ಹುಡುಕುತ್ತಾರೆ. ನಮ್ಮ ಕಡೆ ಜೀಪು ಬೇಕಾಗಿಲ್ಲ. ಪೇಪರು ಎಲ್ಲ ಊರಿಗೂ ಬೆಳಿಗ್ಗೆ ಆರಕ್ಕೆ ಮುಟ್ಟುತ್ತದೆ.

ಅಪಹರಣವಾಗಿರಬಹುದು, ಸಾಗಣೆಯಾಗಿರಬಹುದು, ಆದ್ದರಿಂದ ಕಾಣೆ ಸುದ್ದಿ ಬೇಡವೇ ಬೇಡ ಎನ್ನಲಾಗದು. ಆದರೆ ಈಗ ನಾನು ಎರಡು ಪ್ರಶ್ನೆ ಕೇಳದೆ ಕಳಿಸುವುದಿಲ್ಲ. ವಯಸ್ಸು 18 ದಾಟಿದೆಯೇ? ತಾನಾಗಿ ಹೋಗಿದ್ದೇನೆಂದು ಚೀಟಿಯಲ್ಲೋ ಫೋನಿನಲ್ಲೋ ಯಾರಿಗಾದರೂ ತಿಳಿಸಿದ್ದಾಳೆಯೇ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ಆಕೆ ಕಾಣೆಯಾಗಿಲ್ಲ, ಎಲ್ಲಿದ್ದಾಳೆಂದು ಮನೆಯವರಿಗೆ ಗೊತ್ತಿಲ್ಲ ಅಷ್ಟೇ. ಹಾಗಿದ್ದಾಗ ಅವಳ ಫೋಟೊ ನನ್ನ ಮೊಬೈಲಿನಿಂದ ಮುಂದೆ ಹೋಗುವುದಿಲ್ಲ. ಒಮ್ಮೊಮ್ಮೆ ಡೆಸ್ಕಿನವರು ಬೈಯುತ್ತಾರೆ, ಬೇರೆ ಪೇಪರಿನಲ್ಲಿ ಬಂದಿದೆ ನಮ್ಮಲ್ಲಿ ಯಾಕಿಲ್ಲ ಎನ್ನುತ್ತಾರೆ. ಬೈಗುಳ ತಿನ್ನುವುದು ನಮ್ಮ ಕೆಲಸದ ಭಾಗವೇ.

1981ರಿಂದೀಚೆಗೆ ಕಾನೂನು ಒಳ್ಳೆಯದಾಗುತ್ತ ಬಂತು, ಸಿನಿಮಾದ ಕೊನೆ ಕೆಟ್ಟದಾಗುತ್ತ ಹೋಯಿತು. ಸಿನಿಮಾ ಮಾಡುವವರು ನಿಜಕ್ಕೆ ಹತ್ತಿರವಾಗುತ್ತ ಬಂದದ್ದೇ ಅದಕ್ಕೆ ಕಾರಣ ಎಂದು ನನಗನಿಸುತ್ತದೆ. 1981ರಲ್ಲಿ ಭಾರತಿರಾಜ ಆ ಇಬ್ಬರನ್ನು ಊರಿನಿಂದ ಹೊರಗೆ ಕಳಿಸಿ ಕ್ಯಾಮೆರಾ ನಿಲ್ಲಿಸಿದರು. ಎಲ್ಲಿ ಹೋದರು ಎಂದು ಯಾರಿಗೂ ಹೇಳಲಿಲ್ಲ. ಆ ಸಿನಿಮಾದಲ್ಲಿ ವರದಿಗಾರನಿಗೆ ಕಲಿಯಲು ಏನಾದರೂ ಇದ್ದರೆ ಅದು ಇದೇ.